ಕೊನೆಯ ಯುದ್ಧ, ಕಳೆದ ಯುದ್ಧ

ಒಂದು ಇಸವಿ ಹೇಳಿ ನಾನು ಗೆಳತಿಯೊಬ್ಬಳ ಬಾಯಿ ಮುಚ್ಚಿಸಿದ್ದೇನೆ. 965. ಈ ಇಸವಿ ಯಾವ ಪಂಚಾಂಗದಲ್ಲೂ ಸಿಗಲ್ಲ. ಎಬೆರಾನ್ ಅನ್ನೋ ಕಲ್ಪಿತ ಲೋಕದ ಇಸವಿ ಅದು.

ಗೊತ್ತಿಲ್ಲದವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋದು ಮೇಜಿನ ಸುತ್ತ ಕೂತು ಆಡೋ ಆಟ. ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ಒಬ್ಬರು ಮಾತ್ರ ಉಳಿದ ಇಡೀ ಲೋಕವನ್ನು ನಡೆಸಬೇಕು. ರಾಜ, ಕಳ್ಳ, ಮಳೆ, ಛತ್ರದ ಅಡುಗೆಯವನು ಎಲ್ಲ ಅವರೇ. ಅವರಿಗೆ ಡಂಜನ್ ಮಾಸ್ಟರ್ ಅಂತ ಹೆಸರು. ಆಗುತ್ತೋ ಇಲ್ಲವೋ ಅಂತ ಅನುಮಾನ ಬಂದ ಕಡೆ ಇಪ್ಪತ್ತು ಮುಖದ ದಾಳ ತೀರ್ಮಾನ ಮಾಡುತ್ತೆ. ತಾಳಮದ್ದಳೆ ನೋಡಿದವರಿಗೆ ಇದು ತೀರಾ ಹೊಸದೇನಲ್ಲ. ವೇಷ ಇಲ್ಲ, ಕೂತಲ್ಲೇ ಮಾತು, ಪ್ರಸಂಗ ಮೊದಲೇ ಗೊತ್ತು, ಮಾತು ಮಾತ್ರ ಆ ಹೊತ್ತಿಗೆ ಹುಟ್ಟಿದ್ದು. (ತಾಳಮದ್ದಳೆಯಲ್ಲಿ ದಾಳ ಇಲ್ಲ. ಇದ್ದಿದ್ದರೆ ಕೃಷ್ಣಸಂಧಾನ ಯಾವ ಕಡೆ ತಿರುಗ್ತಿತ್ತೋ ಹೇಳೋಕಾಗಲ್ಲ.)

ನಮ್ಮ ಗುಂಪಿನ ಡಂಜನ್ ಮಾಸ್ಟರ್ ನಾನು. ಶನಿವಾರ ಸಂಜೆ, ನನ್ನನ್ನೂ ಸೇರಿಸಿ ಐದು ಜನ, ಯಾರಾದರೊಬ್ಬರ ಮನೆಯ ಊಟದ ಮೇಜು. ಎಬೆರಾನ್ ಆರಿಸಿಕೊಂಡಿದ್ದೇ ಅಲ್ಲಿನ ಯುದ್ಧಕ್ಕಾಗಿ. ಆಟ ಶುರುವಾಗೋ ಮುಂಚೆ ಮೂರು ತಿಂಗಳು ಆ ಯುದ್ಧದ ಬಗ್ಗೆ ಓದಿದೆ. ಓದಿದೆ ಅಂದರೆ ಕಮ್ಮಿ ಆಯ್ತು. ಸ್ಪ್ರೆಡ್‌ಶೀಟ್ ಮಾಡಿದೆ. ಯಾವ ವರ್ಷ ಯಾರು ಯಾರ ಮೇಲೆ ದಂಡೆತ್ತಿ ಹೋದರು, ಯಾವ ಕೋಟೆ ಯಾರ ಕೈ ಸೇರಿತು, ದೇಶಕ್ಕೊಂದು ಬಣ್ಣ. ಇಷ್ಟು ಶ್ರದ್ಧೆಯನ್ನು ಆಫೀಸಿನಲ್ಲಿ ತೋರಿಸಿದ್ದರೆ ಈ ಸಲದ ಅಪ್ರೈಸಲ್ ಬೇರೆ ಥರ ಇರ್ತಿತ್ತು.

ಮೂರನೇ ಶನಿವಾರ. ಕತೆಯೊಳಗೆ ನಾಲ್ಕು ಪಾತ್ರಗಳು ಬೆಂಕಿ ಸುತ್ತ ಕೂತಿದ್ದವು. ಗೆಳತಿಯ ಪಾತ್ರ ನಲವತ್ತೈದು ವರ್ಷದ ಹೆಂಗಸು, ದಂಡಿನಲ್ಲಿ ಅಡುಗೆ ಮಾಡ್ತಿದ್ದವಳು, ನಾಶವಾದ ಸೈರ್ ದೇಶದಿಂದ ಓಡಿ ಬಂದವಳು. ಯಾರೂ ಕೇಳದೆ ಅವಳೇ ಹೇಳೋಕೆ ಶುರು ಮಾಡಿದಳು. "ನಾನು ಐದಾರು ವರ್ಷದವಳಿದ್ದಾಗ ನಮ್ಮನೇಲಿ ಒಬ್ಬ ವಾರ್‌ಫೋರ್ಜ್ಡ್ ಇದ್ದ. ಕಬ್ಬಿಣ, ಮರ ಸೇರಿಸಿ ಮಾಡಿದ ಕೈ. ರಾತ್ರಿ ನನಗೆ ನಿದ್ದೆ ಬರೋ ತನಕ ಹಾಡೋನು. ದನಿ ಬಾವಿ ಒಳಗಿಂದ ಬಂದ ಹಾಗಿರ್ತಿತ್ತು." ಫೋನ್ ನೋಡ್ತಿದ್ದವರೂ ತಲೆ ಎತ್ತಿದರು. ಹಾಗೆ ತಲೆ ಎತ್ತಿಸೋದು ಎಷ್ಟು ಕಷ್ಟ ಅಂತ ಈ ಆಟ ನಡೆಸಿದವರಿಗೆ ಗೊತ್ತಿರುತ್ತೆ.

ನಾನು ಲ್ಯಾಪ್‌ಟಾಪ್ ನೋಡಿ ಅಂದೆ: "ಅದು ಆಗಲ್ಲ. ಈಗ 998. ನಿನಗೆ ನಲವತ್ತೈದು, ಅಂದ್ರೆ ಹುಟ್ಟಿದ್ದು 953. ಯೋಚನೆ ಮಾಡೋ ವಾರ್‌ಫೋರ್ಜ್ಡ್ ಬಂದಿದ್ದೇ 965ಕ್ಕೆ. ಆಗ ನಿನಗೆ ಹನ್ನೆರಡು."

"ಓ. ಸರಿ. ಹಾಗಾದ್ರೆ ಇಲ್ಲ ಬಿಡು," ಅಂದಳು.

ಆಮೇಲೆ ಮೂರು ವಾರ ಆ ಅಡುಗೆಯವಳಿಗೆ ಬಾಲ್ಯವೇ ಇರಲಿಲ್ಲ. ಸರದಿ ಬಂದಾಗ "ಅಟ್ಯಾಕ್ ಮಾಡ್ತೀನಿ" ಅನ್ನೋಳು, ದಾಳ ಉರುಳಿಸೋಳು, ಚಿಪ್ಸ್ ಬಟ್ಟಲಿಗೆ ಕೈ ಹಾಕೋಳು. ಆಟದ ನಿಯಮದ ಪ್ರಕಾರ ಯಾವ ತಪ್ಪೂ ಆಗಿರಲಿಲ್ಲ. ನಾನು ಹೇಳಿದ ಇಸವಿಯೂ ಸರಿಯಾಗೇ ಇತ್ತು. ಆದರೂ ಏನೋ ಕೆಟ್ಟಿತ್ತು. ಅದೇನು ಅಂತ ತಿಳಿದುಕೊಳ್ಳೋಕೆ ಆ ಯುದ್ಧದ ಪುಸ್ತಕಗಳಿಗೇ ವಾಪಸ್ ಹೋದೆ, ಈ ಸಲ ಸ್ಪ್ರೆಡ್‌ಶೀಟ್ ಬಿಟ್ಟು.

2002ರಲ್ಲಿ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ, ಆಟಕ್ಕೊಂದು ಹೊಸ ಲೋಕ ಬೇಕು ಅಂತ ಎಲ್ಲರಿಂದ ಪ್ರಸ್ತಾಪ ಕರೆಯಿತು. ಬಂದದ್ದು 11,000ಕ್ಕೂ ಹೆಚ್ಚು. ಗೆದ್ದದ್ದು ಕೀತ್ ಬೇಕರ್ ಅವರ ಎಬೆರಾನ್. ಮೊದಲ ಪುಸ್ತಕ 2004ರಲ್ಲಿ ಬಂತು. ಅದರಲ್ಲಿರೋ ಯುದ್ಧದ ಕತೆ ಚುಟುಕಾಗಿ ಹೀಗೆ. ಗ್ಯಾಲಿಫಾರ್ ಅನ್ನೋ ದೊಡ್ಡ ರಾಜ್ಯ. 894ರಲ್ಲಿ ರಾಜ ಜಾರಾಟ್ ಸಾಯ್ತಾನೆ. ಐದು ಮಕ್ಕಳು ಐದು ಪ್ರಾಂತ್ಯ ಆಳ್ತಿರ್ತಾರೆ. ಪದ್ಧತಿ ಪ್ರಕಾರ ಪಟ್ಟ ಹಿರಿಯವಳಿಗೆ, ಸೈರ್ ಪ್ರಾಂತ್ಯದ ಮಿಶಾನ್‌ಗೆ. ಮೂವರು ಒಪ್ಪಲ್ಲ. ಅಲ್ಲಿಂದ 102 ವರ್ಷ ಹೊಡೆದಾಟ. 994ರಲ್ಲಿ ಒಂದು ದಿನ ಸೈರ್ ದೇಶವನ್ನು ಬೂದು ಬಣ್ಣದ ಮಂಜು ಆವರಿಸುತ್ತೆ. ಗಡಿಯ ಒಳಗೆ ಸಿಕ್ಕಿಕೊಂಡವರೆಲ್ಲ ಹೆಚ್ಚುಕಮ್ಮಿ ಅಲ್ಲೇ ಸಾಯ್ತಾರೆ. ಮಂಜು ಗಡಿಗೆ ಬಂದು ನಿಲ್ಲುತ್ತೆ. ಯಾಕಾಯ್ತು, ಯಾರು ಮಾಡಿದರು ಅಂತ ಯಾರಿಗೂ ಗೊತ್ತಿಲ್ಲ. ಮುಂದಿನ ಸರದಿ ತಮ್ಮದೇ ಇರಬಹುದು ಅನ್ನೋ ಹೆದರಿಕೆಗೆ ಉಳಿದವರು 996ರಲ್ಲಿ ಥ್ರೋನ್‌ಹೋಲ್ಡ್‌ನಲ್ಲಿ ಕೂತು ಒಪ್ಪಂದ ಮಾಡಿಕೊಳ್ತಾರೆ. ಒಪ್ಪಂದ ಹನ್ನೆರಡು ದೇಶಗಳಿಗೆ ಮಾನ್ಯತೆ ಕೊಡುತ್ತೆ. ಸೈರ್‌ಗಿಲ್ಲ. ಸತ್ತ ದೇಶಕ್ಕೆ ಕುರ್ಚಿ ಹಾಕುವವರು ಯಾರು?

ಆಟ ಶುರುವಾಗೋದು 998ರಲ್ಲಿ. ಇದು ಈ ಲೋಕದ ಮೊದಲ ಜಾಣತನ. ಫ್ಯಾಂಟಸಿ ಆಟಗಳಲ್ಲಿ ಸಾಮಾನ್ಯವಾಗಿ ಯುದ್ಧ ಸಾವಿರ ವರ್ಷ ಹಿಂದೆ ಆಗಿರುತ್ತೆ, ಇಲ್ಲ ನಾಳೆ ಬೆಳಿಗ್ಗೆ ಶುರುವಾಗಲಿರುತ್ತೆ. ಇಲ್ಲಿ ಮುಗಿದು ಎರಡೇ ವರ್ಷ. ಕೈ ಕಳೆದುಕೊಂಡವರು ಬೀದಿಯಲ್ಲಿದ್ದಾರೆ, ನಿರಾಶ್ರಿತರ ಶಿಬಿರ ಇನ್ನೂ ಎತ್ತಿಲ್ಲ, ಪಕ್ಕದ ಅಂಗಡಿಯವನು ನಿನ್ನೆ ಮೊನ್ನೆಯ ಶತ್ರು. ಮೊದಲ ಪುಸ್ತಕ ತನಗೆ ಸ್ಫೂರ್ತಿಯಾದ ಸಿನಿಮಾಗಳ ಪಟ್ಟಿ ಕೊಡುತ್ತೆ. ಅದರಲ್ಲಿ 'ಕ್ಯಾಸಾಬ್ಲಾಂಕಾ', 'ದ ಮಾಲ್ಟೀಸ್ ಫಾಲ್ಕನ್' ಇವೆ. ಕತ್ತಿ ವರಸೆಗಿಂತ ಹೆಚ್ಚಾಗಿ ಸುಳ್ಳು ಪಾಸ್‌ಪೋರ್ಟಿನ ಲೋಕ ಇದು ಅಂತ ಅಷ್ಟರಿಂದಲೇ ಗೊತ್ತಾಗುತ್ತೆ.

ಎರಡನೇ ಜಾಣತನ ಹೆಸರಿನಲ್ಲಿದೆ. 'ದ ಲಾಸ್ಟ್ ವಾರ್'. ನಾನು ಆಟವನ್ನು ಕನ್ನಡದಲ್ಲಿ ನಡೆಸ್ತೀನಿ, ಹಾಗಾಗಿ ಮೊದಲ ದಿನವೇ ಇದಕ್ಕೊಂದು ಕನ್ನಡ ಬೇಕಾಯ್ತು. ಇಂಗ್ಲಿಷಿನ ಲಾಸ್ಟ್‌ಗೆ ಎರಡು ಅರ್ಥ. ಇನ್ನು ಮುಂದೆ ಇಲ್ಲ ಅನ್ನೋ 'ಕೊನೆಯ', ಮೊನ್ನೆ ತಾನೇ ಆಗಿದ್ದು ಅನ್ನೋ 'ಕಳೆದ'. ಕನ್ನಡದಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು, ಎರಡನ್ನೂ ಬಾಯಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ. ಮೊದಲು ಇದು ತಲೆನೋವು ಅನ್ನಿಸ್ತು. ಆಮೇಲೆ ನೋಡಿದರೆ ವರ ಅದು. ನಮ್ಮ ಮೇಜಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ ಮಂತ್ರಿಗಳು 'ಕೊನೆಯ ಯುದ್ಧ' ಅಂತಾರೆ. ಕಾರ್ನಾತ್ ದೇಶದ ಹಳೇ ಸಿಪಾಯಿಗಳು 'ಕಳೆದ ಯುದ್ಧ' ಅಂತಾರೆ. ಒಬ್ಬ ಮನುಷ್ಯ ಮತ್ತೆ ಕತ್ತಿ ಮಸೆಯೋಕೆ ತಯಾರಿದ್ದಾನಾ ಇಲ್ಲವಾ ಅಂತ ತಿಳಿಯೋಕೆ ಅವನು ಈ ಎರಡರಲ್ಲಿ ಯಾವ ಪದ ಬಳಸ್ತಾನೆ ಅಂತ ಕೇಳಿಸಿಕೊಂಡರೆ ಸಾಕು. ಮೂಲ ಪುಸ್ತಕಕ್ಕೆ ಸಾಧ್ಯವಿಲ್ಲದ್ದೊಂದು ನಮಗೆ ಪುಕ್ಕಟೆ ಸಿಕ್ಕಿತು.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು: ಸೈರ್ ಯಾಕೆ ನಾಶವಾಯ್ತು ಅನ್ನೋದನ್ನು ಅಧಿಕೃತವಾಗಿ ಎಲ್ಲೂ ಹೇಳಿಲ್ಲ. ಮರೆತು ಬಿಟ್ಟಿದ್ದಲ್ಲ, ಬೇಕಂತಲೇ ಬಿಟ್ಟಿದ್ದು. ಅದು ಆಯಾ ಮೇಜಿನ ಪಾಲು. ಲೋಕದ ನಟ್ಟನಡುವೆ ಒಂದು ಗುಂಡಿ ತೋಡಿ, ಸುತ್ತ ಬೇಲಿ ಹಾಕಿ, ಒಳಗೇನಿದೆ ನೀವೇ ಹೇಳಿ ಅಂತ ಹೋಗಿಬಿಡೋದಕ್ಕೆ ಧೈರ್ಯ ಬೇಕು.

ಇಷ್ಟು ಧೈರ್ಯ ತೋರಿಸಿದವರು ಉಳಿದ ನೂರು ವರ್ಷದಲ್ಲಿ ಅದನ್ನು ತೋರಿಸಲಿಲ್ಲ ಅನ್ನೋದು ನನ್ನ ತಕರಾರು. 2007ರಲ್ಲಿ ಈ ಯುದ್ಧಕ್ಕೇ ಮೀಸಲಾದ 'ದ ಫೋರ್ಜ್ ಆಫ್ ವಾರ್' ಬಂತು. ನಾನು ಅದನ್ನು ಆಸೆಯಿಂದ ಕೈಗೆತ್ತಿಕೊಂಡೆ, ಸ್ಪ್ರೆಡ್‌ಶೀಟಿನ ಮುಕ್ಕಾಲು ಪಾಲು ಅಲ್ಲಿಂದಲೇ ತುಂಬಿದ್ದು. ಮುಗಿಸಿದಾಗ ಹಳೇ ಟೆಸ್ಟ್ ಸರಣಿಯ ಸ್ಕೋರ್‌ಕಾರ್ಡ್ ಓದಿದ ಹಾಗಿತ್ತು. ಇವರು ಮುಂದೆ ಬಂದರು, ಅವರು ಹಿಂದೆ ಸರಿದರು, ಮಿತ್ರರು ಶತ್ರುಗಳಾದರು, ಮತ್ತೆ ಮಿತ್ರರಾದರು. ಮಾಹಿತಿಗೆ ಕೊರತೆಯಿಲ್ಲ. ನನ್ನ ಗೆಳತಿಯ ಪಾತ್ರ ಅವತ್ತು ಬೆಳಿಗ್ಗೆ ಏನು ಬೇಯಿಸಿರಬಹುದು ಅಂತ ಹುಡುಕಿದರೆ ಉತ್ತರಕ್ಕೆ ಕೊರತೆ.

102 ವರ್ಷ ಅನ್ನೋ ಸಂಖ್ಯೆಯನ್ನೇ ನೋಡಿ. ಇಂಗ್ಲೆಂಡ್, ಫ್ರಾನ್ಸ್ ನಡುವಿನ ನೂರು ವರ್ಷಗಳ ಯುದ್ಧ 1337ರಿಂದ 1453ರ ತನಕ, ಲೆಕ್ಕಕ್ಕೆ 116 ವರ್ಷ. ಆ ಹೆಸರು ಇಟ್ಟವರು ಆಮೇಲಿನ ಇತಿಹಾಸಕಾರರು. ಹೊಡೆದಾಡಿದವರಿಗೆ ತಾವು ನೂರು ವರ್ಷದ ಯುದ್ಧದಲ್ಲಿದ್ದೇವೆ ಅಂತ ಗೊತ್ತೇ ಇರಲಿಲ್ಲ. ನಡುವೆ ವರ್ಷಗಟ್ಟಲೆ ಕದನವಿರಾಮ, ನಡುವೆ ಪ್ಲೇಗ್, ಉದ್ದಬಿಲ್ಲಿನಿಂದ ಶುರುವಾದದ್ದು ಫಿರಂಗಿಯಲ್ಲಿ ಮುಗಿಯಿತು. ಅಷ್ಟು ಉದ್ದದ ಯುದ್ಧದ ಭಾರ ಅಂಥ ವಿವರಗಳಲ್ಲಿದೆ. ಎಬೆರಾನ್‌ನ 102 ವರ್ಷ ಹೆಚ್ಚಿನ ಕಡೆ ಹೆದ್ದಾರಿಯ ಬೋರ್ಡಿನ ಮೇಲೆ ಬರೆದ ಕಿಲೋಮೀಟರ್ ಲೆಕ್ಕದ ಹಾಗೆ ಬರುತ್ತೆ, ಹೋಗುತ್ತೆ.

ಹೆಚ್ಚಿನ ಕಡೆ ಅಂದೆ, ಎಲ್ಲ ಕಡೆ ಅಲ್ಲ. ಪುಸ್ತಕ ಎಲ್ಲೆಲ್ಲಿ ಊಟದ ಬಗ್ಗೆ, ದುಡ್ಡಿನ ಬಗ್ಗೆ ಕೇಳುತ್ತೋ ಅಲ್ಲೆಲ್ಲ ಜೀವ ಬರುತ್ತೆ. ಕಾರ್ನಾತ್‌ನಲ್ಲಿ ಬರಗಾಲ, ರೋಗ. ಸೈನ್ಯಕ್ಕೆ ಜನ ಸಾಲಲ್ಲ, ಇರೋರಿಗೆ ಕಾಳು ಸಾಲಲ್ಲ. ರಾಜ ಸತ್ತ ಸಿಪಾಯಿಗಳನ್ನೇ ಮಂತ್ರದಿಂದ ಎಬ್ಬಿಸಿ ಸಾಲಿನಲ್ಲಿ ನಿಲ್ಲಿಸ್ತಾನೆ. ಹೆಣಕ್ಕೆ ರೇಷನ್ ಬೇಡವಲ್ಲ! ಫ್ಯಾಂಟಸಿಯಲ್ಲಿ ಎದ್ದು ಬರೋ ಹೆಣಗಳು ಬೇಕಾದಷ್ಟಿವೆ. ಉಗ್ರಾಣದ ಲೆಕ್ಕದಿಂದ ಎದ್ದು ಬಂದ ಹೆಣಗಳನ್ನು ನಾನು ಬೇರೆ ಕಡೆ ಕಂಡಿಲ್ಲ. ಹಾಗೇ, ಸೈರ್ ಕೂಲಿಗೆ ಕರೆಸಿಕೊಂಡಿದ್ದ ಎಲ್ಫ್ ಸವಾರರು 956ರಲ್ಲಿ ಕಾವಲಿದ್ದ ನೆಲವನ್ನೇ ತಮ್ಮ ದೇಶ ಅಂತ ಸಾರಿಬಿಡ್ತಾರೆ. 969ರಲ್ಲಿ ಹಾಬ್‌ಗಾಬ್ಲಿನ್ ಕೂಲಿಪಡೆ ಅದನ್ನೇ ಮಾಡುತ್ತೆ. ಬಾಡಿಗೆಗೆ ಬಂದವರು ಮನೆಯನ್ನೇ ತಮ್ಮ ಹೆಸರಿಗೆ ಮಾಡಿಕೊಂಡ ಹಾಗೆ. ಬೆಂಗಳೂರಿನ ಓದುಗರಿಗೆ ವಿವರಿಸಬೇಕಿಲ್ಲ.

ಪುಸ್ತಕ ಬಿಟ್ಟ ಜಾಗ ತುಂಬೋಕೆ ನಾನು ನಿಜವಾದ ಯುದ್ಧಗಳ ಕಡೆ ಹೋದೆ. 1916ರ ಜುಲೈ 1, ಸೋಮ್ ಕದನದ ಮೊದಲ ದಿನ. ಬ್ರಿಟಿಷ್ ಸೇನೆಯಲ್ಲಿ ಒಂದೇ ದಿನ 57,470 ಜನ ಸತ್ತವರು, ಗಾಯಗೊಂಡವರು, ಕಾಣೆಯಾದವರು. ಅವರಲ್ಲಿ 19,240 ಸಾವು. ಈ ಸಂಖ್ಯೆ ನನ್ನ ಸ್ಪ್ರೆಡ್‌ಶೀಟಿನಲ್ಲೂ ಹಾಯಾಗಿ ಕೂರ್ತಿತ್ತು, ಇನ್ನೊಂದು ಸಾಲು ಅಷ್ಟೇ. ತಡೆದು ನಿಲ್ಲಿಸಿದ್ದು ಬೇರೆ ವಿಷಯ. ಒಂದೇ ಊರಿನ, ಒಂದೇ ಕಾರ್ಖಾನೆಯ ಗೆಳೆಯರು ಒಟ್ಟಿಗೇ ಸೇರಿದರೆ ಒಟ್ಟಿಗೇ ಇರಬಹುದು ಅಂತ ಸರ್ಕಾರ ಮಾತು ಕೊಟ್ಟಿತ್ತು. ಪ್ಯಾಲ್ಸ್ ಬೆಟಾಲಿಯನ್ ಅಂತ ಕರೀತಿದ್ದರು. ಆಕ್ರಿಂಗ್ಟನ್ ಅನ್ನೋ ಸಣ್ಣ ಊರಿನ ಹೆಸರಿನ ಅಂಥ ತುಕಡಿಯೊಂದು ಅವತ್ತು ಮುನ್ನುಗ್ಗಿತು. ಸುಮಾರು 700 ಜನರಲ್ಲಿ 500ಕ್ಕೂ ಹೆಚ್ಚು ಜನ ಸತ್ತರು ಅಥವಾ ಗಾಯಗೊಂಡರು, ಅದೂ ಬೆಳಗಿನ ಒಂದಿಷ್ಟು ಹೊತ್ತಿನಲ್ಲಿ. ಒಂದೇ ಬೀದಿಯ ಮನೆ ಮನೆಗೂ ಸಾವಿನ ಸುದ್ದಿ ಬಂದರೆ ಆ ಬೀದಿ ಮಾರನೇ ದಿನ ಹೇಗಿರುತ್ತೆ? ಇದನ್ನು ಓದಿದ ಮೇಲೆ ನನ್ನ ಆಟದಲ್ಲಿ ಒಂದು ಊರು ಬಂತು. ಅಲ್ಲಿ ಮುದುಕರಿದ್ದಾರೆ, ಹುಡುಗರಿದ್ದಾರೆ, ಮೂವತ್ತರ ಆಸುಪಾಸಿನ ಗಂಡಸು ಒಬ್ಬನೂ ಇಲ್ಲ. ನಾನು ಕಾರಣ ಹೇಳಲಿಲ್ಲ. ಆಟಗಾರರು ತಾವೇ ಗಮನಿಸಿದರು, ಅರ್ಧ ಗಂಟೆ ಆದ ಮೇಲೆ.

ಇನ್ನೊಂದು ಕದ್ದದ್ದು ಕಾಗದಗಳಿಂದ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ಭಾರತದ ಸಿಪಾಯಿಗಳ ಪತ್ರಗಳನ್ನು ಸೇನೆಯ ಸೆನ್ಸಾರ್ ಅಧಿಕಾರಿಗಳು ತೆರೆದು ಓದಿ, ಕೆಲವು ಭಾಗ ಇಂಗ್ಲಿಷಿಗೆ ಮಾಡಿ ವರದಿ ಕಳಿಸ್ತಿದ್ದರು. ಎಷ್ಟೋ ಸಿಪಾಯಿಗಳ ಮಾತು ನಮಗೆ ಉಳಿದಿರೋದೇ ಹಾಗೆ ಕದ್ದು ಓದಿದವರ ದಫ್ತರದಲ್ಲಿ. ಸಿಪಾಯಿಗಳೂ ದಡ್ಡರಲ್ಲ. ಕರಿಮೆಣಸು ಅಂದರೆ ಭಾರತದ ಸಿಪಾಯಿಗಳು, ಕೆಂಪು ಮೆಣಸು ಅಂದರೆ ಬಿಳಿಯರು. ಕರಿಮೆಣಸು ಮುಗೀತಾ ಬಂತು ಅಂತ ಮನೆಗೆ ಬರೆದರೆ ಓದೋರಿಗೆ ಅರ್ಥ ಆಗ್ತಿತ್ತು. (ಅಧಿಕಾರಿಗಳಿಗೂ ಅರ್ಥ ಆಯ್ತು, ಅದಕ್ಕೇ ನಮಗೆ ಗೊತ್ತು.) ನಾನು ಸೈರ್ ಸಿಪಾಯಿಯ ಒಂದು ಪತ್ರ ಬರೆದು, ನಡುನಡುವೆ ಸಾಲುಗಳಿಗೆ ಮಾರ್ಕರಿನಿಂದ ಮಸಿ ಬಳಿದು, ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟೆ. ಮಸಿಯ ಕೆಳಗೇನಿದೆ, ಬಳಿದವರು ಯಾರು ಅಂತ ನಾಲ್ಕು ಜನ ಇಡೀ ಸಂಜೆ ಕಳೆದರು. ಮುನ್ನೂರು ಸಾಲಿನ ಸ್ಪ್ರೆಡ್‌ಶೀಟ್ ಮಾಡದ ಕೆಲಸವನ್ನು ಆರು ರೂಪಾಯಿಯ ಪ್ರಿಂಟ್ ಮಾಡಿತು.

ಅಲ್ಲಿಗೆ ನನಗೆ ನನ್ನ ಕೆಲಸದ ಬಗ್ಗೆಯೇ ಅನುಮಾನ ಬಂತು. ಡಂಜನ್ ಮಾಸ್ಟರಿಗೆ ಇತಿಹಾಸ ಯಾಕೆ ಗೊತ್ತಿರಬೇಕು? ಈ ಆಟದ ವಂಶಾವಳಿ ಹಿಡಿದು ಹಿಂದೆ ಹೋದರೆ ಉತ್ತರ ಸಿಗುತ್ತೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇದನ್ನು ಹೊರತಂದಾಗ ಇಬ್ಬರೂ ಗೊಂಬೆ ಸೈನಿಕರನ್ನಿಟ್ಟು ಯುದ್ಧದಾಟ ಆಡ್ತಿದ್ದವರು. 1971ರ 'ಚೈನ್‌ಮೇಲ್' ಅಂಥದ್ದೇ ಆಟ. ಇನ್ನೂ ಹಿಂದೆ, 1824ರಲ್ಲಿ, ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಜ್ ತನ್ನ ಅಧಿಕಾರಿಗಳ ತರಬೇತಿಗೆ 'ಕ್ರೀಗ್‌ಶ್ಪೀಲ್' ಅನ್ನೋ ಆಟ ಒಪ್ಪಿಸಿದ. ನಿಜವಾದ ನಕ್ಷೆ, ಬಣ್ಣದ ಲೋಹದ ತುಂಡುಗಳು, ದಾಳ, ನಡುವೆ ಒಬ್ಬ ತೀರ್ಪುಗಾರ. ಎರಡೂ ಕಡೆಯವರು ಆಜ್ಞೆಗಳನ್ನು ಚೀಟಿಯಲ್ಲಿ ಬರೆದು ಕೊಡ್ತಾರೆ. ಪೂರ್ತಿ ಚಿತ್ರ ಗೊತ್ತಿರೋದು ತೀರ್ಪುಗಾರನಿಗೆ ಮಾತ್ರ. ಗುಡ್ಡದ ಆಚೆ ಇರೋ ಶತ್ರುವಿನ ತುಂಡನ್ನು ಅವನು ನಕ್ಷೆ ಮೇಲೆ ಇಡೋದೇ ಇಲ್ಲ, ಕಾಣೋ ತನಕ.

ಅಂದರೆ ನನ್ನ ಪೂರ್ವಜನ ವಿದ್ಯೆ ಇದ್ದದ್ದು ಯಾರಿಗೆ ಎಷ್ಟು ಕಾಣುತ್ತೆ ಅನ್ನೋ ಅಂದಾಜಿನಲ್ಲಿ. ಎಲ್ಲ ಗೊತ್ತಿದೆ ಅಂತ ಎಲ್ಲ ಹೇಳೋನಿಗೆ ಅಲ್ಲಿ ಕೆಲಸವಿಲ್ಲ. ಮೂರನೇ ಶನಿವಾರ ನಾನು ಮಾಡಿದ್ದು ಅದನ್ನೇ. ಐದು ವರ್ಷದ ಮಗುವಿನ ನೆನಪಿಗೆ ರಾಜಧಾನಿಯ ದಾಖಲೆಯಿಂದ ಉತ್ತರ ಕೊಟ್ಟೆ.

ಆ ಹೊತ್ತಿಗೆ ನನ್ನ ತಲೆಯಲ್ಲಿ ಬೇಗೂರಿನ ಕಲ್ಲು ಇತ್ತು. ನಾಗೇಶ್ವರ ದೇವಸ್ಥಾನದಲ್ಲಿರೋ, 9ನೇ ಶತಮಾನದ ಕೊನೆಯ ಹೊತ್ತಿನ ಆ ವೀರಗಲ್ಲು ಶಾಸನದಲ್ಲಿ ಬೆಂಗಳೂರು ಅನ್ನೋ ಹೆಸರು ಬರುತ್ತೆ. ನಮ್ಮ ಊರಿನ ಹೆಸರಿಗೆ ಸಿಕ್ಕಿರೋ ಅತಿ ಹಳೆಯ ಸಾಕ್ಷಿ ಅಂತ ಅದನ್ನೇ ತೋರಿಸ್ತಾರೆ. ಬರೋದು ಯಾವ ಸಂದರ್ಭದಲ್ಲಿ? ಬೆಂಗಳೂರು ಕಾಳಗದಲ್ಲಿ ಸತ್ತರು ಅಂತ. ಗಂಗರ ಕಾಲದ ನಾಗತ್ತರ ಅನ್ನೋ ಅಧಿಕಾರಿಯ ಕಡೆಯವರ ಸಾವು ಅದು. ಕಾಳಗ ಯಾರ ಯಾರ ನಡುವೆ, ಯಾತಕ್ಕೆ, ಗೆದ್ದವರು ಯಾರು, ಆ ಪುಟ್ಟ ಶಾಸನ ಹೇಳಲ್ಲ. ಕಲ್ಲು ನಿಲ್ಲಿಸಿದವರಿಗೆ ಅದನ್ನು ಹೇಳೋ ಅಗತ್ಯ ಕಂಡಿಲ್ಲ, ಓದೋರಿಗೆಲ್ಲ ಗೊತ್ತೇ ಇತ್ತು. ಬೇಕಿದ್ದದ್ದು ಸತ್ತವರ ಹೆಸರು. ಎಬೆರಾನ್ ಪುಸ್ತಕಗಳ ಕಾಳಗಗಳಲ್ಲಿ ಇದು ಸರಿ ಉಲ್ಟಾ. ಯಾರ ಯಾರ ನಡುವೆ, ಯಾತಕ್ಕೆ, ಗೆದ್ದವರು ಯಾರು ಎಲ್ಲ ಇದೆ. ಹೆಸರಿದ್ದರೆ ಸೇನಾಪತಿಯದು.

ಇದನ್ನು ಗುಂಪಿನಲ್ಲಿ ಹೇಳಿದಾಗ ಒಬ್ಬ ಗೆಳೆಯ ಸರಿಯಾಗಿ ಹಿಡಿದ. "ಹಾಗಾದ್ರೆ ಇಸವಿಗೆ ಬೆಲೆನೇ ಇಲ್ವಾ? ಅವರವರ ನೆನಪು ಅವರವರಿಗೆ ಅಂತ ಬಿಟ್ರೆ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನ ಇತಿಹಾಸಕ್ಕೂ ನಿಂದಕ್ಕೂ ಏನೋ ವ್ಯತ್ಯಾಸ?" ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅದೇ ಬೇಗೂರಿನ ಕಲ್ಲು ನೋಡಿ. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು ಅನ್ನೋ ಕತೆ ನಾವೆಲ್ಲ ಶಾಲೆಯಲ್ಲಿ ಕೇಳಿದ್ದು. ಬಲ್ಲಾಳ ಹುಟ್ಟೋಕೆ ಎಷ್ಟೋ ಮುಂಚೆಯೇ ಆ ಹೆಸರು ಇತ್ತು ಅಂತ ಕಲ್ಲು ಹೇಳುತ್ತೆ. ಅಲ್ಲಿ ನಾನು ಮುದುಕಿಯ ಕಡೆ ನಿಲ್ಲಲ್ಲ, ಕಲ್ಲಿನ ಕಡೆ ನಿಲ್ತೀನಿ. ನಿಜವಾಗಿ ಸತ್ತವರಿದ್ದಾಗ ಇಸವಿಯನ್ನು ನಮ್ಮ ಅನುಕೂಲಕ್ಕೆ ಜಗ್ಗೋದು ಬೇರೆಯೇ ಬಾಬತ್ತು. ಆಟದ ಲೋಕದಲ್ಲಿ ಯಾರೂ ಸತ್ತಿಲ್ಲ. ಆದರೆ ಹಾಗಂತ ಅಲ್ಲಿ ಏನು ಬೇಕಾದರೂ ನಡೆಯುತ್ತೆ ಅಂತಲೂ ಅಲ್ಲ. ಸೈರ್ ಉಳಿದುಕೊಂಡಿತು ಅಂತ ನಾಳೆ ಯಾರಾದರೂ ಅಂದರೆ ಆಟವೇ ಕುಸಿಯುತ್ತೆ. ಅಲ್ಲಿ ಇಸವಿ ಬೇಕು. ಯಾಕೆ ಬೇಕು ಅಂತ ಗೊತ್ತಾಗೋಕೆ, ಆ ಇಸವಿ ಯಾರದ್ದು ಅಂತ ಕೇಳಬೇಕಾಯ್ತು.

965 ಯಾರದ್ದು? ವಾರ್‌ಫೋರ್ಜ್ಡ್‌ಗಳನ್ನು ತಯಾರಿಸಿದ್ದು ಹೌಸ್ ಕ್ಯಾನಿತ್ ಅನ್ನೋ ಮನೆತನ. ಮನೆತನ ಅಂದರೆ ಹೆಸರಿಗೆ, ಕೆಲಸದಲ್ಲಿ ಪಕ್ಕಾ ಕಂಪನಿ. ನಾವು ಯಾರ ಪಕ್ಷವೂ ಅಲ್ಲ ಅಂತ ಹೇಳಿಕೊಂಡು ಎಲ್ಲ ದೇಶಗಳಿಗೂ ಸೈನಿಕರನ್ನು ಮಾರಿತು. ರಣರಂಗದಲ್ಲಿ ಎದುರು ಬದುರು ನಿಂತು ಹೊಡೆದಾಡಿದ ವಾರ್‌ಫೋರ್ಜ್ಡ್‌ಗಳು ಒಂದೇ ಕಾರ್ಖಾನೆಯ ಮಾಲು. 996ರ ಒಪ್ಪಂದ ಎರಡು ಕೆಲಸ ಮಾಡಿತು. ವಾರ್‌ಫೋರ್ಜ್ಡ್‌ಗಳು ವಸ್ತುಗಳಲ್ಲ, ಸ್ವತಂತ್ರರು ಅಂತ ಒಪ್ಪಿತು. ಅವರನ್ನು ಹುಟ್ಟಿಸೋ ಕುಲುಮೆಗಳನ್ನು ಮುಚ್ಚಬೇಕು ಅಂತ ಹೇಳಿತು. 2019ರಲ್ಲಿ ಬಂದ 'ರೈಸಿಂಗ್ ಫ್ರಮ್ ದ ಲಾಸ್ಟ್ ವಾರ್' ಪುಸ್ತಕದಲ್ಲೂ ನಾಲ್ಕಾರು ಕತೆಗಳಿಗೆ ಸಾಕಾಗುವಷ್ಟು ಸಿಟ್ಟು ಈ ಒಂದು ವಿಷಯದ ಸುತ್ತ ಇದೆ. ಈಗ ಲೆಕ್ಕ ಹಾಕಿ. ಯೋಚಿಸೋ ವಾರ್‌ಫೋರ್ಜ್ಡ್ ಮೊದಲು ಹುಟ್ಟಿದ್ದು 965ರಲ್ಲಿ ಅಂದರೆ, ಅದಕ್ಕೂ ಮುಂಚೆ ಕುಲುಮೆಯಿಂದ ಬಂದದ್ದೆಲ್ಲ ಬರೀ ಯಂತ್ರ. ಮುರಿದಿದ್ದು, ಕರಗಿಸಿದ್ದು, ಗುಜರಿಗೆ ಹಾಕಿದ್ದು ಯಾವುದೂ ಕೊಲೆಯಲ್ಲ. ಆ ಇಸವಿಯಿಂದ ಲಾಭ ಯಾರಿಗೆ ಅಂತ ಸ್ಪ್ರೆಡ್‌ಶೀಟಿನಲ್ಲಿ ನಾನೊಂದು ಕಾಲಂ ಹಾಕಿರಲಿಲ್ಲ.

ಪುಸ್ತಕದಲ್ಲಿ ಇದು ಇಲ್ಲ. ಅಲ್ಲಿ 965 ಅನ್ನೋದು ನೇರವಾದ ಮಾಹಿತಿ, ಅದರ ಹಿಂದೆ ಯಾವ ಗುಟ್ಟೂ ಇಲ್ಲ. ಬರೆದವರು ಇತಿಹಾಸವನ್ನು ಆಕಾಶದಲ್ಲಿ ನಿಂತ ದನಿಯಲ್ಲಿ ಹೇಳ್ತಾರೆ, ಅದೇ ನನ್ನ ತಕರಾರಿನ ಬುಡ. ಸೈರ್ ನಾಶದ ಬಗ್ಗೆ ಹತ್ತು ಬಾಯಿಗಳಿಗೆ ಹತ್ತು ಮಾತು ಕೊಟ್ಟವರು ಕಾರ್ಖಾನೆಯ ಇಸವಿಯ ವಿಷಯದಲ್ಲಿ ಕಾರ್ಖಾನೆಯ ಮಾತನ್ನೇ ನಂಬಿದರು. ನಾನೂ ನಂಬಿದೆ.

ಮರುದಿನ ಕಾಫಿಗೆ ಸಿಕ್ಕಾಗ ಗೆಳತಿಗೆ ಅಂದೆ, "ನಿಮ್ಮನೇಲಿ ಅವನು ಇದ್ದ."

"ಯಾರು?"

"ಹಾಡ್ತಿದ್ದೋನು."

"965 ಅಂದ್ಯಲ್ಲೋ?"

"ಅದು ಹೌಸ್ ಕ್ಯಾನಿತ್ ಹೇಳೋ ಇಸವಿ. ನಿನಗೆ ನೆನಪಿರೋದು ನಿಜ ಆದ್ರೆ ಅವರು ಸುಳ್ಳು ಹೇಳ್ತಿದಾರೆ."

ಅವಳು ಲೋಟ ಕೆಳಗಿಟ್ಟಳು. "ಅವನಿಗೇನಾಯ್ತು ಹಾಗಾದ್ರೆ?" ಗೊತ್ತಿಲ್ಲ ಅಂದೆ. ನಿಜವಾಗ್ಲೂ ಗೊತ್ತಿರಲಿಲ್ಲ, ಸ್ಪ್ರೆಡ್‌ಶೀಟ್ ಮಾಡಿರಲಿಲ್ಲ. "ನೀನು ಮೊದಲೇ ಪ್ಲಾನ್ ಮಾಡಿದ್ದೆ ಅಂತ ಮಾತ್ರ ಹೇಳ್ಬೇಡ," ಅಂದಳು. ಹೇಳಲಿಲ್ಲ.

ನಮ್ಮ ಕತೆ ಈಗ ಏಳು ತಿಂಗಳಿಂದ ಅದರ ಹಿಂದೆಯೇ ಓಡ್ತಿದೆ. ಸೈರ್ ಯಾಕೆ ನಾಶವಾಯ್ತು ಅನ್ನೋ ದೊಡ್ಡ ಗುಟ್ಟನ್ನು ನಮ್ಮ ಮೇಜಿನಲ್ಲಿ ಯಾರೂ ಇನ್ನೂ ಕೇಳೇ ಇಲ್ಲ.

ಹೋದ ಶನಿವಾರ ನಾಲ್ವರೂ ಶಾರ್ನ್ ನಗರದ ತಳದಲ್ಲಿರೋ ಒಂದು ಹಳೇ ಕ್ಯಾನಿತ್ ಕಾರ್ಖಾನೆಗೆ ನುಗ್ಗಿದರು. ಬಾಗಿಲ ಹಿಂದೆ ಕಾವಲಿನ ಯಂತ್ರ ಇಟ್ಟಿದ್ದೆ, ಒಳ್ಳೇ ಹೊಡೆದಾಟ ಆಗಲಿ ಅಂತ. ಅಡುಗೆಯವಳು ಹೊಡೆದಾಟವನ್ನು ಉಳಿದವರಿಗೆ ಬಿಟ್ಟು ಸೀದಾ ಕಪಾಟಿಗೆ ಹೋದಳು. ಮಾರಾಟದ ಖಾತೆಪುಸ್ತಕ ಬೇಕು ಅಂದಳು. ಇದೆ ಅಂದೆ. 958ರ ಪುಟ ಅಂದಳು. ನನ್ನ ಹತ್ತಿರ 958ರ ಪುಟ ತಯಾರಿರಲಿಲ್ಲ, ದಾಳ ಹಾಕು ಅಂದೆ. 4 ಬಿತ್ತು.

"ಆ ಹಾಳೆ ಹರಿದಿದೆ," ಅಂದೆ.

ಅವಳು ಸ್ವಲ್ಪ ಹೊತ್ತು ದಾಳವನ್ನೇ ನೋಡಿದಳು. ಆಮೇಲೆ ಕೇಳಿದಳು: "ಹರಿದಿರೋ ಅಂಚು ನೋಡ್ತೀನಿ. ಹಳೇದಾ, ಹೊಸದಾ?"